ತುದಿ ಬಿಚ್ಚುವ ಹೆಣಿಗೆ ಕಡ್ಡಿ ಸೆಟ್: ಅಮ್ಮನ ಕಾರ್ಡಿಗನ್ ಮುಗಿಸಿ ಬರೆಯುತ್ತಿದ್ದೇನೆ

ಅಮ್ಮ ಮೂಡಿಗೆರೆಯಲ್ಲಿದ್ದಾರೆ. ಹತ್ತು ವರ್ಷದ ಹಿಂದೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಎಡ ಹೆಗಲಿನ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು, ಆದರೆ ಆ ಹೆಗಲು ತಗ್ಗಿಯೇ ಉಳಿಯಿತು. ಕೈ ಪೂರ್ತಿ ಮೇಲೆತ್ತಲು ಆಗುವುದಿಲ್ಲ. ಹಾಗಾಗಿ ತಲೆಯ ಮೇಲಿಂದ ಹಾಕುವ ಸ್ವೆಟರ್ ಬೇಡವೇ ಬೇಡ. ಅಂಗಡಿಯಿಂದ ಕಾರ್ಡಿಗನ್ (ಮುಂದೆ ಬಿಚ್ಚಿಕೊಳ್ಳುವ ಸ್ವೆಟರ್) ತಂದುಕೊಟ್ಟರೆ ಎಡಗಡೆ ಜಾರುತ್ತದೆ. ಮಳೆಗಾಲ ಪೂರ್ತಿ ಅದನ್ನು ಎಳೆದುಕೊಳ್ಳುತ್ತಲೇ ಇರುತ್ತಾರೆ.

ನಾನೇ ಹೆಣೆಯೋಣ ಅಂತ ಈ ಸೆಟ್ ತಗೊಂಡೆ. 3.5ರಿಂದ 6 ಮಿಲಿಮೀಟರ್‌ವರೆಗಿನ ಮರದ ತುದಿಗಳು, ಎರಡು ತುದಿಯನ್ನು ಸೇರಿಸುವ ಬಳುಕುವ ಮೂರು ಕೇಬಲ್, ಕೇಬಲ್ ತುದಿಗೆ ಹಾಕುವ ಪುಟ್ಟ ಮುಚ್ಚಳಗಳು, ಬಿಗಿ ಮಾಡಲು ಒಂದು ಕೀಲಿ.

ಮೊದಲು ಹಾಕಿದ್ದು ರಗ್ಲಾನ್ ಯೋಕ್, ಅಂದರೆ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ರಗ್ಲಾನ್ ತೋಳಿನ ಸ್ವೆಟರಿನ ಹೆಗಲ ಭಾಗ. ಕುತ್ತಿಗೆಯಿಂದ ಶುರು ಮಾಡಿ ಕೆಳಗೆ ಬರುವುದು. ನಾಲ್ಕು ಓರೆ ಗೆರೆ, ಒಂದೊಂದರ ಎರಡೂ ಬದಿಗೆ ಒಂದೊಂದು ಕುಣಿಕೆ ಜಾಸ್ತಿ, ಅಂದರೆ ಸಾಲು ಬಿಟ್ಟು ಸಾಲಿಗೆ 8. ಕಂಕುಳಲ್ಲಿ ಸಡಿಲ ಇರುತ್ತದೆ, ಅಮ್ಮನ ಕೈಗೆ ಇದೇ ಸರಿ ಅನಿಸಿತ್ತು. ಈ ತೋಳಿಗೆ ಹೆಸರು ಕೊಟ್ಟ ಲಾರ್ಡ್ ರಗ್ಲಾನ್ ಕೂಡ 1815ರಲ್ಲಿ ವಾಟರ್‌ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಮುಂದೆ ಕ್ರಿಮಿಯಾ ಯುದ್ಧದಲ್ಲಿ ಅವನ ಕೈಕೆಳಗಿದ್ದವನೇ ಕಾರ್ಡಿಗನ್‌ಗೆ ಹೆಸರು ಕೊಟ್ಟ ಲಾರ್ಡ್ ಕಾರ್ಡಿಗನ್. ಅಮ್ಮನಿಗೆ ಇದನ್ನು ಹೇಳಿದಾಗ ತುಂಬ ಖುಷಿಪಟ್ಟರು.

84 ಕುಣಿಕೆಯಿಂದ ಶುರುವಾದದ್ದು 44 ಸಾಲಿಗೆ 260 ಆಯಿತು. ಆಗ ಊರಿಗೆ ಹೋದೆ. ಎರಡೂ ತುದಿ ಬಿಚ್ಚಿ, ಕೇಬಲ್‌ಗೆ ಮುಚ್ಚಳ ಹಾಕಿ, ಯೋಕನ್ನು ಅಮ್ಮನ ಹೆಗಲಿಗೆ ಹೊದಿಸಿದೆ. ಒಂದು ಕುಣಿಕೆಯೂ ಜಾರಲಿಲ್ಲ. ಆದರೆ ಯೋಕ್ ಎಡಕ್ಕೆ ವಾಲಿತು. ರಗ್ಲಾನ್‌ಗೆ ಹೆಗಲ ಮೇಲೆ ಜೋಡಣೆ ಇರುವುದಿಲ್ಲ, ಉಲ್ಲನ್ ಭಾರ ತಡೆದು ಹಿಡಿಯುವುದು ಏನೂ ಇಲ್ಲ. ನಡುಮನೆಯಲ್ಲೇ ಕೂತು ಪೂರ್ತಿ ಬಿಚ್ಚಿದೆ. ಬೇಜಾರಾಯಿತು ನಿಜ. ತೋಳು, ಮೈ ಎಲ್ಲ ಮುಗಿದ ಮೇಲೆ ಗೊತ್ತಾಗಿದ್ದರೆ ಇನ್ನೆಷ್ಟು ಬೇಜಾರಾಗುತ್ತಿತ್ತು, ಅಲ್ವಾ?

ಎರಡನೇ ಸಲ, ಹೆಗಲ ಮೇಲೆ ಜೋಡಣೆ ಬರಲಿ ಅಂತ ಬೆನ್ನು ಬೇರೆ, ಮುಂದಿನ ಎರಡು ಭಾಗ ಬೇರೆ ಹೆಣೆದೆ. ಒಂದೊಂದು ಹೆಗಲಿಗೆ 24 ಕುಣಿಕೆ. ಹೆಗಲು ಇಳಿಜಾರಾಗಲು ಚಿಕ್ಕಮ್ಮ ಕಲಿಸಿದ್ದು ಎಂಟೆಂಟಾಗಿ ಮುಚ್ಚುತ್ತಾ (ಕುಣಿಕೆ ಬಿಚ್ಚಿಕೊಳ್ಳದ ಹಾಗೆ ಅಂಚು ಕಟ್ಟಿ ಕಡ್ಡಿಯಿಂದ ಇಳಿಸುತ್ತಾ) ಹೋಗುವುದು. ಹಾಗೆ ಮಾಡಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ, ಹೊಲಿದಾಗ ಉಬ್ಬುತ್ತದೆ. ಅದರ ಬದಲು ನಾನು ಅರ್ಧ ಸಾಲಿನ ಹೆಣಿಗೆ ಮಾಡಿದೆ. ತೋಳಿನ ಕಡೆಯ 8 ಕುಣಿಕೆ ಮುಚ್ಚದೆ ಹಾಗೇ ಕಡ್ಡಿಯಲ್ಲಿ ಬಿಟ್ಟು ಹಿಂದೆ ತಿರುಗುವುದು. ಮುಂದಿನ ಸಲ 16 ಬಿಡುವುದು. ತಿರುಗಿದಾಗ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿ, ದಾರವನ್ನು ಅದರ ಮೇಲಿಂದ ಹಿಂದಕ್ಕೆ ಗಟ್ಟಿಯಾಗಿ ಎಳೆಯಬೇಕು. ಆಗ ಅದು ಜೋಡಿ ಕುಣಿಕೆಯ ಹಾಗೆ ಕಾಣುತ್ತದೆ. ಕೊನೆಯ ಸಾಲಿನಲ್ಲಿ ಆ ಜೋಡಿಯನ್ನು ಒಟ್ಟಿಗೆ ಹೆಣೆದರೆ ತೂತು ಬೀಳುವುದಿಲ್ಲ.

ಬಲ ಹೆಗಲಿಗೆ ಎಂಟೆಂಟು ಕುಣಿಕೆಯ ಮೂರು ಹಂತ, 6 ಸಾಲು. ನನ್ನ ಹೆಣಿಗೆಯಲ್ಲಿ 10 ಸೆಂಟಿಮೀಟರಿಗೆ 30 ಸಾಲು ಬರುತ್ತದೆ, ಹಾಗಾಗಿ ಇಳಿಜಾರು 2 ಸೆಂಟಿಮೀಟರ್. ಎಡ ಹೆಗಲಿಗೆ ನಾಲ್ಕು ಸಾಲು ಮೊದಲೇ ಶುರು ಮಾಡಿ ಐದು ಹಂತ ಮಾಡಿದೆ: 5, 5, 5, 5, 4. ಆ ನಾಲ್ಕು ಸಾಲೇ ಅಮ್ಮನ ಎರಡು ಹೆಗಲಿನ ವ್ಯತ್ಯಾಸ.

ಜೋಡಿಸುವಾಗ ಒಳಮೈ ಹೊರಗೆ ಮಾಡಿ ಬೆನ್ನು, ಮುಂಭಾಗ ಒಟ್ಟಿಗೆ ಹಿಡಿದು, ಮೂರನೇ ಕಡ್ಡಿಯಿಂದ ಎರಡರ ಕುಣಿಕೆಯನ್ನೂ ಸೇರಿಸಿ ಹೆಣೆಯುತ್ತಾ ಮುಚ್ಚಿದೆ. ಕಾಯುತ್ತಿರುವ ಕೇಬಲ್‌ಗಳಿಗೆ 3.5ರ ತುದಿ, ಹೆಣೆಯಲು 4ರದ್ದು. ಗೆರೆ ಸಪೂರವಾಗಿ, ಗಟ್ಟಿಯಾಗಿ ಬಂತು. ತೋಳಿನ ಭಾರ ಈಗ ಅದರ ಮೇಲೆ ನಿಂತಿದೆ. ಅಮ್ಮ ಹಾಕಿಕೊಂಡು ಹಟ್ಟಿಗೆ ಹೋಗಿ ಬಂದರು, ಎಡಗಡೆ ಒಂದು ಸಲವೂ ಎಳೆದುಕೊಳ್ಳಲಿಲ್ಲ.

ಒಂದು ಸ್ಟಾರ್ ಯಾಕೆ ಕಡಿಮೆ ಕೊಟ್ಟೆ ಅಂದರೆ, ಕೇಬಲ್ ಜೋಡಣೆ ಸಡಿಲವಾಗುತ್ತದೆ. ಯೋಕ್ ಹೆಣೆಯುವಾಗ ಒಮ್ಮೆ ಸಾಲಿನ ಮಧ್ಯೆ ಬಿಚ್ಚಿಕೊಂಡು 11 ಕುಣಿಕೆ ಉದುರಿತು. ಸುಮ್ನೆ ಕೈಯಲ್ಲಿ ತಿರುಗಿಸಿದರೆ ಸಾಲದು. ಕೀಲಿಯನ್ನು ಕೇಬಲ್ ತುದಿಯ ಪುಟ್ಟ ತೂತಿಗೆ ಹಾಕಿಯೇ ಬಿಗಿ ಮಾಡಿ, ನಾಲ್ಕೈದು ಸಾಲಿಗೊಮ್ಮೆ ನೋಡುತ್ತಿರಿ. ಕೇಬಲ್ ಸುರುಳಿ ಸುತ್ತಿಕೊಂಡೇ ಬರುತ್ತದೆ. ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ನೇರ ಮಾಡಿಕೊಳ್ಳಿ.

ಕಾರ್ಡಿಗನ್ ಹೆಣೆಯಲು ತಗೊಳ್ಳುವವರು ಇನ್ನೊಂದು ಕೇಬಲ್ ಜಾಸ್ತಿ ತಗೊಳ್ಳಿ. ಬೆನ್ನು, ಮುಂದಿನ ಎರಡು ಭಾಗ, ಇಷ್ಟಕ್ಕೇ ಮೂರೂ ಮುಗಿಯುತ್ತದೆ. ನಾನು ಒಂದು ಭಾಗವನ್ನು ಬೇರೆ ಬಣ್ಣದ ದಾರದಲ್ಲಿ ಪೋಣಿಸಿಡಬೇಕಾಯಿತು.