ಕಂಪನಿಯ ಡೊಮೇನ್ ಯಾರ ಹೆಸರಿನಲ್ಲಿದೆ? 26 ದಿನ ಇಮೇಲ್ ಇಲ್ಲದೆ ಕಳೆದ ಒಂದು ಫೌಂಡ್ರಿಯ ಅನುಭವ

2023ರ ಜುಲೈ 31, ಸೋಮವಾರ ಬೆಳಿಗ್ಗೆ ಕೊಲ್ಹಾಪುರದ ಗ್ರಾಹಕರೊಬ್ಬರು ಫೋನ್ ಮಾಡಿ, ಶನಿವಾರ ಕಳುಹಿಸಿದ ಪರ್ಚೇಸ್ ಆರ್ಡರ್ ತಮಗೇ ವಾಪಸು ಬಂದಿದೆ, ನಿಮ್ಮ ಇಮೇಲ್ ವಿಳಾಸವೇ ಇಲ್ಲವೆಂದು ಹೇಳುತ್ತಿದೆ ಎಂದರು. ಆ ಹೊತ್ತಿಗೆ ನಮ್ಮ ಕಚೇರಿಯಲ್ಲಿ ಎಲ್ಲರ ಮೇಲ್‌ಬಾಕ್ಸ್ ತೆರೆದೇ ಇತ್ತು, ಹಳೆಯ ಪತ್ರಗಳೆಲ್ಲ ಕಾಣುತ್ತಿದ್ದವು, ನಾವು ಬರೆದದ್ದು ಹೊರಟಂತೆಯೂ ತೋರುತ್ತಿತ್ತು. ಶನಿವಾರ ಮಧ್ಯಾಹ್ನದಿಂದ ಹೊಸದಾಗಿ ಒಂದೇ ಒಂದು ಪತ್ರವೂ ಬಂದಿಲ್ಲ ಎಂಬುದನ್ನು ಮಾತ್ರ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ನಮ್ಮ ವೆಬ್‌ಸೈಟ್ ತೆರೆದಾಗ ಅಲ್ಲಿ ಫೌಂಡ್ರಿಯ ಚಿತ್ರಗಳಿರಲಿಲ್ಲ. ಈ ಹೆಸರಿನ ಅವಧಿ ಮುಗಿದಿದೆ ಎಂಬ ಸೂಚನೆಯಷ್ಟೇ ಇತ್ತು.

ಬೆಳಗಾವಿಯ ಉದ್ಯಮಬಾಗದಲ್ಲಿ ಅಪ್ಪ ಕಟ್ಟಿದ ಸಣ್ಣ ಫೌಂಡ್ರಿಯನ್ನು ಈಗ ಅಣ್ಣ ಮತ್ತು ನಾನು ನಡೆಸುತ್ತಿದ್ದೇವೆ. ಪಂಪು ಮತ್ತು ವಾಲ್ವ್‌ಗಳಿಗೆ ಬೇಕಾದ ಎರಕದ ಭಾಗಗಳನ್ನು ಪುಣೆ, ಕೊಲ್ಹಾಪುರ, ಕೊಯಮತ್ತೂರಿನ ಕಂಪನಿಗಳಿಗೆ ಕಳುಹಿಸುತ್ತೇವೆ. ಆರ್ಡರ್, ಡ್ರಾಯಿಂಗ್, ಮಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್, ಪಾವತಿಯ ವಿವರ ಎಲ್ಲವೂ ಇಮೇಲ್‌ನಲ್ಲೇ ಹೋಗಿ ಬರುತ್ತವೆ. ನಮ್ಮಂತಹ ಹತ್ತು ಹದಿನೈದು ಜನರ ಘಟಕಗಳು ಇದೇ ತಪ್ಪನ್ನು ಮಾಡುತ್ತಿರುವುದನ್ನು ಸುತ್ತಮುತ್ತ ಕಾಣುತ್ತಿರುವುದರಿಂದ, ನಮಗೆ ಆದದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

2019ರ ಜುಲೈಯಲ್ಲಿ ಪರಿಚಯದವರ ಮೂಲಕ ಒಬ್ಬ ಕಂಪ್ಯೂಟರ್ ಸಲಹೆಗಾರರು ಬಂದರು. ಅಲ್ಲಿಯವರೆಗೆ ನಾವು ಉಚಿತ ಜಿಮೇಲ್ ವಿಳಾಸದಲ್ಲೇ ವ್ಯವಹರಿಸುತ್ತಿದ್ದೆವು. ಅವರು ಕಂಪನಿಯ ಹೆಸರಿನಲ್ಲಿ ಒಂದು ಡಾಟ್ ಕಾಮ್ ಡೊಮೇನ್ (ವೆಬ್‌ಸೈಟಿಗೂ ಇಮೇಲ್ ವಿಳಾಸಗಳಿಗೂ ಬಳಸುವ ಹೆಸರು) ತೆಗೆದುಕೊಟ್ಟರು ಮತ್ತು ಆಗ ಜಿ ಸೂಟ್ ಎಂದು ಕರೆಯಲಾಗುತ್ತಿದ್ದ, 2020ರ ಅಕ್ಟೋಬರ್‌ನಲ್ಲಿ ಗೂಗಲ್ ವರ್ಕ್‌ಸ್ಪೇಸ್ ಎಂದು ಹೆಸರು ಬದಲಾದ ಸೇವೆಯಲ್ಲಿ ನಮಗೆ ಆರು ಖಾತೆಗಳನ್ನು ಮಾಡಿಕೊಟ್ಟರು. ಪಾಸ್‌ವರ್ಡ್‌ಗಳ ಬಗ್ಗೆ ಅಣ್ಣ ಕೇಳಿದಾಗ ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಎಲ್ಲಾ ನಾ ನೋಡ್ಕೋತೀನ್ರಿ, ನೀವು ಚಿಂತಿ ಮಾಡಬ್ಯಾಡ್ರಿ." ವರ್ಷಕ್ಕೊಮ್ಮೆ ಬಂದು ಎಲ್ಲದಕ್ಕೂ ಸೇರಿಸಿ ಒಂದು ಮೊತ್ತ ಹೇಳುತ್ತಿದ್ದರು, ನಾವು ಕೊಡುತ್ತಿದ್ದೆವು. ಅದಕ್ಕೆ ಸರಿಯಾದ ಟ್ಯಾಕ್ಸ್ ಇನ್ವಾಯ್ಸ್ ಕೂಡ ಇರಲಿಲ್ಲ. ಈ ಸೇವೆಗಳ ಮೇಲೆ 18% ಜಿಎಸ್‌ಟಿ ಇದೆ. ನಮ್ಮ ಜಿಎಸ್‌ಟಿ ಸಂಖ್ಯೆ ಇರುವ ಇನ್ವಾಯ್ಸ್ ಇದ್ದಿದ್ದರೆ ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ನಮಗೆ ಸಿಗುತ್ತಿತ್ತು. ಇನ್ವಾಯ್ಸ್ ಇಲ್ಲದಿರುವುದೇ ಖಾತೆ ನಮ್ಮ ಹೆಸರಿನಲ್ಲಿಲ್ಲ ಎಂಬುದರ ಮೊದಲ ಕುರುಹಾಗಿತ್ತು. ಅದನ್ನು ನಾವು ಕೇವಲ ಲೆಕ್ಕದ ವಿಷಯ ಎಂದುಕೊಂಡು ಬಿಟ್ಟೆವು.

ಎರಡನೆಯ ಕುರುಹು 2021ರಲ್ಲಿ ಬಂತು. ನಮ್ಮ ಗುಣಮಟ್ಟ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋದರು. ಒಂದು ಲೈಸೆನ್ಸ್‌ನ ಹಣ ಉಳಿಯುತ್ತದೆ ಎಂದು ಸಲಹೆಗಾರರು ಅವರ ಖಾತೆಯನ್ನು ಅಳಿಸಿದರು. ಖಾತೆಯನ್ನು ಅಮಾನತಿನಲ್ಲಿಟ್ಟರೂ ಅದಕ್ಕೆ ಪೂರ್ತಿ ಶುಲ್ಕ ಬೀಳುತ್ತದೆಯಾದ್ದರಿಂದ, ಉಳಿತಾಯದ ಲೆಕ್ಕದಲ್ಲಿ ಅವರು ಮಾಡಿದ್ದು ತಪ್ಪೆನ್ನಲಾಗದು. ಆದರೆ ಅಳಿಸುವ ಮುನ್ನ ಅದರಲ್ಲಿದ್ದ ಕಡತಗಳ ಒಡೆತನವನ್ನು ಬೇರೆಯವರಿಗೆ ವರ್ಗಾಯಿಸಬೇಕೆಂದು ಅವರು ಯೋಚಿಸಲಿಲ್ಲ, ಕೇಳಬೇಕೆಂದು ನಮಗೂ ತಿಳಿದಿರಲಿಲ್ಲ. ಐದು ವಾರಗಳ ನಂತರ ಪುಣೆಯ ಗ್ರಾಹಕರು ಹಳೆಯ ಒಂದು ಹೀಟ್ ನಂಬರಿನ, ಅಂದರೆ ಒಂದು ಸಲಕ್ಕೆ ಕರಗಿಸಿದ ಲೋಹದ ಗುರುತು ಸಂಖ್ಯೆಯ, ಟೆಸ್ಟ್ ಸರ್ಟಿಫಿಕೇಟ್ ಕೇಳಿದರು. ಆ ಸರ್ಟಿಫಿಕೇಟ್‌ಗಳೆಲ್ಲ ಕೆಲಸ ಬಿಟ್ಟವರ ಮೈ ಡ್ರೈವ್‌ನಲ್ಲಿ, ಅಂದರೆ ಅವರ ಖಾತೆಗೇ ಸೇರಿದ ಕಡತಗಳ ಜಾಗದಲ್ಲಿ, ಇದ್ದವು. ಅಳಿಸಿದ ಖಾತೆಯನ್ನು ಅಡ್ಮಿನ್ (ಕಂಪನಿಯ ಎಲ್ಲ ಖಾತೆಗಳನ್ನು ನಿರ್ವಹಿಸುವವರು) 20 ದಿನಗಳೊಳಗೆ ಮಾತ್ರ ಮರಳಿ ತರಬಹುದು. ಆ ಅವಧಿ ದಾಟಿತ್ತು. ಸುಮಾರು ಒಂದೂವರೆ ವರ್ಷದ ಸರ್ಟಿಫಿಕೇಟ್‌ಗಳಲ್ಲಿ ಕೆಲವನ್ನು ಲ್ಯಾಬ್‌ನ ಕಾಗದದ ರಿಜಿಸ್ಟರ್ ನೋಡಿ ಮತ್ತೆ ಬರೆದೆವು, ಉಳಿದವು ಹೋದವು. ಗ್ರಾಹಕರು ನಮ್ಮ ಖರ್ಚಿನಲ್ಲಿ ಮರುಪರೀಕ್ಷೆ ಮಾಡಿಸಿದರು.

ಅಷ್ಟಾದರೂ ಅಡ್ಮಿನ್ ಪಾಸ್‌ವರ್ಡ್ ನಮ್ಮ ಕೈಗೆ ಕೊಡಿ ಎಂದು ನಾವು ಒತ್ತಾಯಿಸಲಿಲ್ಲ. ಇದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ.

ಮತ್ತೆ 2023ಕ್ಕೆ ಬರುತ್ತೇನೆ. ಸೋಮವಾರ ಬೆಳಿಗ್ಗೆಯಿಂದ ಸಲಹೆಗಾರರ ಫೋನ್ ಸ್ವಿಚ್ ಆಫ್ ಎಂದೇ ಬರುತ್ತಿತ್ತು. ಅವರ ಅಂಗಡಿ ಮುಚ್ಚಿ ಐದು ತಿಂಗಳಾಗಿತ್ತು. ಡೊಮೇನ್‌ನ ಅವಧಿ ಜುಲೈ 19ಕ್ಕೇ ಮುಗಿದಿತ್ತು, ಅದು ನಿಂತದ್ದು ಮಾತ್ರ 29ರ ಶನಿವಾರ. ಡಾಟ್ ಕಾಮ್ ಡೊಮೇನ್‌ಗಳಿಗೆ ಅನ್ವಯವಾಗುವ ನಿಯಮದಂತೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಂದು, ಒಂದು ವಾರದ ಮೊದಲು ಇನ್ನೊಂದು, ಮುಗಿದ ಐದು ದಿನಗಳೊಳಗೆ ಮತ್ತೊಂದು ಎಚ್ಚರಿಕೆಯನ್ನು ರಿಜಿಸ್ಟ್ರಾರ್, ಅಂದರೆ ಡೊಮೇನ್ ನೋಂದಾಯಿಸಿಕೊಡುವ ಕಂಪನಿ, ಕಳುಹಿಸಬೇಕು. ಕಳುಹಿಸಿಯೇ ಇದ್ದರು. ಆದರೆ ನೋಂದಣಿಯಲ್ಲಿ ಮಾಲೀಕರೆಂದು ಇದ್ದದ್ದು ಸಲಹೆಗಾರರ ಹೆಸರು, ಇಮೇಲ್ ಇದ್ದದ್ದು ಅವರು ಬಳಸುವುದನ್ನೇ ಬಿಟ್ಟಿದ್ದ ಹಳೆಯ ವಿಳಾಸ. ನಾಲ್ಕು ವರ್ಷಗಳಿಂದ ಲಾರಿಗಳ ಮೇಲೆ, ಇನ್ವಾಯ್ಸ್‌ಗಳ ಮೇಲೆ, ನಮ್ಮ ಗೇಟಿನ ಫಲಕದ ಮೇಲೆ ಬರೆಸಿದ್ದ ಹೆಸರು ಕಾಗದದ ಪ್ರಕಾರ ನಮ್ಮದಾಗಿರಲಿಲ್ಲ.

ನಾನು ಗೂಗಲ್‌ನ ಬೆಂಬಲ ವಿಭಾಗವನ್ನು ಸಂಪರ್ಕಿಸಿದೆ. ಎಲ್ಲ ಅಧಿಕಾರವೂ ಇರುವ ಸೂಪರ್ ಅಡ್ಮಿನ್ ಖಾತೆ ಯಾರದೆಂದು ಕೇಳಿದರು. ಅದು ಸಲಹೆಗಾರರದು, ಅದರ ಮರುಪಡೆಯುವ ಫೋನ್ ನಂಬರ್ ಮತ್ತು ಇಮೇಲ್ ಕೂಡ ಅವರದೇ. ಹಾಗಿದ್ದರೆ ಡೊಮೇನ್ ನಿಮ್ಮದೆಂದು ತೋರಿಸಲು ಅದರ ಡಿಎನ್‌ಎಸ್‌ನಲ್ಲಿ (ಆ ಹೆಸರಿನ ವೆಬ್‌ಸೈಟ್, ಇಮೇಲ್ ಎಲ್ಲಿವೆ ಎಂದು ತಿಳಿಸುವ ದಾಖಲೆಗಳ ಪಟ್ಟಿ) ನಾವು ಕೊಡುವ ಒಂದು ದಾಖಲೆಯನ್ನು ಸೇರಿಸಿ, ಆಗ ಅಡ್ಮಿನ್ ಖಾತೆಯನ್ನು ನಿಮಗೆ ಮರಳಿಸಬಹುದು ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಫೋನ್‌ನಲ್ಲಿ ಯಾರೋ ಕೇಳಿದರೆಂದು ಒಂದು ಕಂಪನಿಯ ಇಮೇಲ್ ಅನ್ನು ಹಸ್ತಾಂತರಿಸುವಂತಿದ್ದರೆ ಯಾರ ಪತ್ರವೂ ಸುರಕ್ಷಿತವಾಗಿರುವುದಿಲ್ಲ. ಆದರೆ ಡಿಎನ್‌ಎಸ್ ಬದಲಾಯಿಸಲು ಡೊಮೇನ್ ಕೈಯಲ್ಲಿರಬೇಕು, ಡೊಮೇನ್ ಸಲಹೆಗಾರರ ಕೈಯಲ್ಲಿದೆ. ಹೊಸ ಡೊಮೇನ್ ಒಂದನ್ನು ಕೊಂಡು ಅದೇ ಖಾತೆಗಳಿಗೆ ಜೋಡಿಸೋಣವೆಂದರೆ ಅದಕ್ಕೂ ಸೂಪರ್ ಅಡ್ಮಿನ್ ಅಧಿಕಾರ ಬೇಕು. ಯಾವ ಕಡೆಯಿಂದ ಹೋದರೂ ಅದೇ ಬೀಗ, ಅದೇ ಕೀಲಿಕೈ, ಅದು ಇನ್ನೊಬ್ಬರ ಕಿಸೆಯಲ್ಲಿ.

ಈ ಮಧ್ಯೆ ನಾವು ಕಳುಹಿಸುತ್ತಿದ್ದ ಪತ್ರಗಳೂ ಸರಿಯಾಗಿ ತಲುಪುತ್ತಿರಲಿಲ್ಲ. ಪತ್ರ ನಿಜವಾಗಿಯೂ ಆ ಡೊಮೇನ್‌ನಿಂದಲೇ ಬಂದಿದೆಯೇ ಎಂದು ಪರೀಕ್ಷಿಸಲು ಬೇಕಾದ ಎಸ್‌ಪಿಎಫ್, ಡಿಕಿಮ್ ದಾಖಲೆಗಳು ಡಿಎನ್‌ಎಸ್‌ನಲ್ಲೇ ಇರುತ್ತವೆ. ಡೊಮೇನ್ ನಿಂತಾಗ ಅವೂ ನಿಂತವು. ಗ್ರಾಹಕರ ಸರ್ವರ್‌ಗಳು ಕೆಲವು ಪತ್ರಗಳನ್ನು ಸ್ಪ್ಯಾಮ್‌ಗೆ ತಳ್ಳಿದವು, ಕೆಲವನ್ನು ತಿರಸ್ಕರಿಸಿದವು. ಅನಿವಾರ್ಯವಾಗಿ ಅಣ್ಣ ತನ್ನ ಸ್ವಂತ ಜಿಮೇಲ್‌ನಿಂದ ಎಲ್ಲ ಗ್ರಾಹಕರಿಗೂ, ಸದ್ಯಕ್ಕೆ ಈ ವಿಳಾಸಕ್ಕೆ ಬರೆಯಿರಿ ಎಂದು ತಿಳಿಸಿದ. ಕೊಯಮತ್ತೂರಿನ ಗ್ರಾಹಕರ ಲೆಕ್ಕಪತ್ರ ವಿಭಾಗ ಆ ಪತ್ರ ಕಂಡ ಕೂಡಲೇ ನಮಗೆ ಬರಬೇಕಿದ್ದ ಪಾವತಿಯನ್ನು ತಡೆಹಿಡಿಯಿತು. ಮೊದಲಿಗೆ ನಮಗೆ ಸಿಟ್ಟು ಬಂತು, ಆಮೇಲೆ ಅವರು ಮಾಡಿದ್ದೇ ಸರಿ ಎಂದು ಅರ್ಥವಾಯಿತು. ಪೂರೈಕೆದಾರರ ಹೆಸರಿನಲ್ಲಿ ಹೊಸ ಇಮೇಲ್‌ನಿಂದ ಬರೆದು, ಬ್ಯಾಂಕ್ ಖಾತೆ ಬದಲಾಗಿದೆ ಎಂದು ನಂಬಿಸಿ ಹಣ ಹೊಡೆಯುವುದು ಈಗ ಬಹಳ ನಡೆಯುವ ಮೋಸ. ಹಾಗೆ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕೊಯಮತ್ತೂರಿನ ಆ ಕಂಪನಿಯ ಅಧಿಕಾರಿಯೊಬ್ಬರು ನಮ್ಮ ಹಳೆಯ ಲ್ಯಾಂಡ್‌ಲೈನ್ ನಂಬರಿಗೆ ತಾವಾಗಿಯೇ ಫೋನ್ ಮಾಡಿ, ಅಣ್ಣನ ಜೊತೆ ಮಾತನಾಡಿ ಖಚಿತಪಡಿಸಿಕೊಂಡ ನಂತರವೇ ಹಣ ಬಿಡುಗಡೆಯಾಯಿತು. ಅಷ್ಟರಲ್ಲಿ 11 ದಿನ ಕಳೆದಿತ್ತು, ಸಂಬಳದ ದಿನ ದಾಟಿತ್ತು.

ನನಗೆ ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಬೇರೆಯದೇ ಭಯ. ಅವಧಿ ಮುಗಿದ ಡಾಟ್ ಕಾಮ್ ಡೊಮೇನ್‌ಗೆ ರಿಜಿಸ್ಟ್ರಾರ್ ತನ್ನ ನಿಯಮದಂತೆ ಕೆಲವು ದಿನ, ಹೆಚ್ಚೆಂದರೆ 45 ದಿನ, ನವೀಕರಣಕ್ಕೆ ಅವಕಾಶ ಕೊಡುತ್ತಾನೆ. ಅದಾದ ಮೇಲೆ 30 ದಿನಗಳ ರಿಡೆಂಪ್ಶನ್ ಅವಧಿ ಇರುತ್ತದೆ, ಆಗ ಬಿಡಿಸಿಕೊಳ್ಳಲು ಹಲವು ಪಟ್ಟು ಹೆಚ್ಚು ಶುಲ್ಕ ಕೊಡಬೇಕು. ಅದೂ ಮುಗಿದರೆ ಐದು ದಿನಗಳ ನಂತರ ಜಗತ್ತಿನ ಯಾರು ಬೇಕಾದರೂ ಆ ಹೆಸರನ್ನು ಕೊಳ್ಳಬಹುದು. ಹಾಗೆ ಕೊಂಡವರು ನಮ್ಮದೇ ವಿಳಾಸಗಳನ್ನು ಮತ್ತೆ ಸೃಷ್ಟಿಸಿ, ನಮಗೆ ಬರುವ ಪತ್ರಗಳನ್ನು ಓದಬಹುದು. ಆ ವಿಳಾಸಗಳಿಗೆ ಜೋಡಿಸಿದ ಬೇರೆ ಖಾತೆಗಳ ಪಾಸ್‌ವರ್ಡ್ ಬದಲಾಯಿಸಲು ಕೋರಿಕೆ ಕಳುಹಿಸಿ, ಬರುವ ಲಿಂಕನ್ನು ತಾವೇ ಒತ್ತಬಹುದು. ಬ್ಯಾಂಕು, ಜಿಎಸ್‌ಟಿ ಪೋರ್ಟಲ್, ಸಾರಿಗೆ ಕಂಪನಿಯ ಬುಕಿಂಗ್ ಎಲ್ಲದಕ್ಕೂ ನಾವು ಕೊಟ್ಟಿದ್ದು ಅದೇ ಡೊಮೇನ್‌ನ ವಿಳಾಸ. ಒಂದೊಂದಾಗಿ ಕುಳಿತು ಬದಲಾಯಿಸಲು ನನಗೆ ನಾಲ್ಕು ದಿನ ಹಿಡಿಯಿತು.

ಸಲಹೆಗಾರರು ಕೊನೆಗೆ ಅವರ ಸೋದರಮಾವನ ಮೂಲಕ ಸಿಕ್ಕರು. ಬೇರೆ ಊರಿನಲ್ಲಿ ನೌಕರಿಗೆ ಸೇರಿದ್ದರು, ನಂಬರ್ ಬದಲಾಗಿತ್ತು, ಮನೆಯಲ್ಲಿ ಕಾಯಿಲೆಯ ತೊಂದರೆ ಇತ್ತು. ನಮ್ಮಿಂದ ಹಣ ಕೀಳುವ ಉದ್ದೇಶ ಅವರಿಗೆ ಇರಲಿಲ್ಲ; ವಿಷಯ ತಿಳಿದು ನೊಂದುಕೊಂಡರು, ಅದೇ ದಿನ ರಿಜಿಸ್ಟ್ರಾರ್ ಖಾತೆಯ ಲಾಗಿನ್ ಹುಡುಕಿ ಕೊಡಲು ಒಪ್ಪಿದರು. ಆದರೆ ಹಳೆಯ ಇಮೇಲ್‌ನ ಪಾಸ್‌ವರ್ಡ್ ಅವರಿಗೇ ನೆನಪಿರಲಿಲ್ಲ, ಒಟಿಪಿ ಹೋಗುತ್ತಿದ್ದ ನಂಬರ್ ಅವರ ಬಳಿ ಇರಲಿಲ್ಲ. ಅವರ ಗುರುತಿನ ದಾಖಲೆಗಳನ್ನು ರಿಜಿಸ್ಟ್ರಾರ್‌ಗೆ ಕಳುಹಿಸಿ, ಅವರು ಪರಿಶೀಲಿಸಿ, ನಾವು ರಿಡೆಂಪ್ಶನ್ ಶುಲ್ಕ ಕಟ್ಟಿ ಡೊಮೇನ್ ಮರಳಿ ಬರುವ ಹೊತ್ತಿಗೆ ಆಗಸ್ಟ್ 24 ಆಗಿತ್ತು. ಜುಲೈ 29ರಿಂದ ಲೆಕ್ಕ ಹಾಕಿದರೆ 26 ದಿನ. ಆ ದಿನಗಳಲ್ಲಿ ನಮಗೆ ಬರೆದವರೆಲ್ಲರ ಪತ್ರಗಳು ಅವರಿಗೇ ವಾಪಸಾದವು. ಎಷ್ಟು ಎನ್‌ಕ್ವೈರಿ ಹೋದವೋ ಲೆಕ್ಕವಿಲ್ಲ. ಮೋಸಗಾರನ ಕೈಗೆ ಸಿಕ್ಕಿದರೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ ಎಂದು ಹೇಳಲೆಂದೇ ಇದನ್ನು ವಿವರಿಸಿದೆ. ಒಳ್ಳೆಯ ಮನುಷ್ಯನೊಬ್ಬ ಊರು ಬಿಟ್ಟರೂ ಸಾಕು.

ಈಗ ನಾವು ಮಾಡಿಕೊಂಡಿರುವ ವ್ಯವಸ್ಥೆ ಇಷ್ಟು. ರಿಜಿಸ್ಟ್ರಾರ್‌ನಲ್ಲಿ ನಮ್ಮದೇ ಖಾತೆ ತೆರೆದು ಡೊಮೇನನ್ನು ಅದಕ್ಕೆ ವರ್ಗಾಯಿಸಿಕೊಂಡೆವು. ನೋಂದಾಯಿತ ಮಾಲೀಕರ ಜಾಗದಲ್ಲಿ ಕಂಪನಿಯ ಹೆಸರಿದೆ, ಸಂಪರ್ಕ ವಿಳಾಸಕ್ಕೆ ಅದೇ ಡೊಮೇನ್‌ನ ಇಮೇಲ್ ಕೊಡದೆ ಹೊರಗಿನ ಬೇರೆ ವಿಳಾಸ ಕೊಟ್ಟಿದ್ದೇವೆ, ಏಕೆಂದರೆ ಡೊಮೇನ್ ನಿಂತ ದಿನ ಅದರ ಎಚ್ಚರಿಕೆ ಅದೇ ಡೊಮೇನ್‌ಗೆ ಬಂದು ಪ್ರಯೋಜನವಿಲ್ಲ. ಸೂಪರ್ ಅಡ್ಮಿನ್ ಇಬ್ಬರು, ಅಣ್ಣ ಮತ್ತು ನಾನು. ಆ ಖಾತೆಗಳನ್ನು ದಿನನಿತ್ಯದ ಪತ್ರಕ್ಕೆ ಬಳಸುವುದಿಲ್ಲ, ಎರಡು ಹಂತದ ದೃಢೀಕರಣ ಹಾಕಿ ಅದರ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಅಪ್ಪನ ತಿಜೋರಿಯಲ್ಲಿಟ್ಟಿದ್ದೇವೆ. ಹೊಸ ಸಲಹೆಗಾರರಿಗೆ ಬಳಕೆದಾರರನ್ನು ನಿರ್ವಹಿಸುವಷ್ಟೇ ಅಧಿಕಾರವಿರುವ ಬೇರೆ ಅಡ್ಮಿನ್ ಖಾತೆ ಕೊಟ್ಟಿದ್ದೇವೆ. ಅವರೂ ಅದನ್ನೇ ಬಯಸಿದ್ದರು. ಬಿಲ್ ನಮ್ಮ ಜಿಎಸ್‌ಟಿ ಸಂಖ್ಯೆಗೆ ಬರುತ್ತದೆ. ಗುಣಮಟ್ಟ, ಖರೀದಿ, ಲೆಕ್ಕ ಎಂಬ ವಿಳಾಸಗಳನ್ನು ವ್ಯಕ್ತಿಗಳ ಖಾತೆಯಾಗಿ ಮಾಡದೆ, ಬಂದ ಪತ್ರ ಸದಸ್ಯರೆಲ್ಲರಿಗೂ ತಲುಪುವ ಗ್ರೂಪ್‌ಗಳಾಗಿ ಮಾಡಿದೆವು, ಅದಕ್ಕೆ ಲೈಸೆನ್ಸ್ ಬೇಡ, ಕೆಲಸಗಾರರು ಬದಲಾದರೂ ವಿಳಾಸ ಬದಲಾಗುವುದಿಲ್ಲ. ಸರ್ಟಿಫಿಕೇಟ್ ಮತ್ತು ಡ್ರಾಯಿಂಗ್‌ಗಳು ಯಾರೊಬ್ಬರ ಮೈ ಡ್ರೈವ್‌ನಲ್ಲೂ ಇಲ್ಲ. ಕಡತಗಳು ಸಂಸ್ಥೆಯದೇ ಆಗಿರುವ ಶೇರ್ಡ್ ಡ್ರೈವ್‌ನಲ್ಲಿವೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಪಾಡಬೇಕಾದ್ದರಿಂದ, ತಿಂಗಳಿಗೊಮ್ಮೆ ಇನ್ವಾಯ್ಸ್‌ಗಳ ಮತ್ತು ಸರ್ಟಿಫಿಕೇಟ್‌ಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿ ಕಚೇರಿಯ ಹೊರಗೆ ಇಡುತ್ತೇವೆ.

ನಿಮ್ಮ ಡೊಮೇನ್‌ನ ಅವಧಿ ಮತ್ತು ರಿಜಿಸ್ಟ್ರಾರ್ ಯಾರೆಂಬುದನ್ನು ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಹೆಸರು ಹಾಕಿ ನೋಡಬಹುದು. 2018ರಿಂದೀಚೆಗೆ ಮಾಲೀಕರ ವಿವರಗಳು ಅಲ್ಲಿ ಬಹುಪಾಲು ಮುಚ್ಚಿರುತ್ತವೆಯಾದ್ದರಿಂದ, ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ರಿಜಿಸ್ಟ್ರಾರ್ ಖಾತೆಯೊಳಗೆ ಹೋಗಿಯೇ ನೋಡಬೇಕು. ಆ ಖಾತೆಗೆ ಲಾಗಿನ್ ಆಗಲು ನಿಮ್ಮಿಂದ ಸಾಧ್ಯವಾಗದಿದ್ದರೆ, ನಿಮ್ಮ ಸಲಹೆಗಾರರೊಂದಿಗೆ ಸಂಬಂಧ ಚೆನ್ನಾಗಿರುವಾಗಲೇ, ಅವರ ಫೋನ್ ನಂಬರ್ ಕೆಲಸ ಮಾಡುತ್ತಿರುವಾಗಲೇ ಕೇಳಿ ಪಡೆದುಕೊಳ್ಳಿ.

ನಾವು ಈ ಕಥೆ ಹೇಳಿದ ಮೇಲೆ ಪಕ್ಕದ ಶೆಡ್‌ನ ಮಷೀನ್ ಶಾಪ್‌ನವರು ತಮ್ಮದನ್ನು ನೋಡಿಕೊಂಡರು. ಅವರ ಡೊಮೇನ್ ಎರಡು ವರ್ಷಗಳ ಹಿಂದೆ ಕೆಲಸ ಬಿಟ್ಟಿದ್ದ ಅಕೌಂಟೆಂಟ್ ಒಬ್ಬರ ಹೆಸರಿನಲ್ಲಿತ್ತು, ಅವಧಿ ಮುಗಿಯಲು 19 ದಿನ ಉಳಿದಿತ್ತು. ಆ ಅಕೌಂಟೆಂಟ್ ಖಾನಾಪುರದಲ್ಲೇ ಇದ್ದುದರಿಂದ ಮರುದಿನವೇ ಬಂದು ಒಟಿಪಿ ಕೊಟ್ಟು ಹೋದರು.