ಸೋಮನಾಥಪುರದ ಮೂರು ಫೋಟೊ, ತಿದ್ದಲು ಮೂರು ಸಾಫ್ಟ್‌ವೇರ್

ಸೋಮನಾಥಪುರದ ಕೇಶವ ದೇವಾಲಯದಲ್ಲಿ ಒಂದು ಮಧ್ಯಾಹ್ನ ನೂರಾರು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಮೂರೂ ಶಿಖರಗಳು ಹಿಂದಕ್ಕೆ ವಾಲಿದ್ದವು. ಒಳಗಿನ ಛಾವಣಿ ಕಪ್ಪು, ಆನೆಸಾಲು ಸಪ್ಪೆ. ಕಣ್ಣಾರೆ ನೋಡಿದ ಗುಡಿ ಹೀಗಿರಲಿಲ್ಲ ಅಲ್ವಾ ಅನ್ನಿಸಿತು. ಹಾಗಾಗಿ ಮೂರು ಫೋಟೊ ಆರಿಸಿ, ಒಂದೊಂದನ್ನೂ ಫೋನಿನ ಸ್ನ್ಯಾಪ್‌ಸೀಡ್, ಫೋನಿನ ಲೈಟ್‌ರೂಮ್, ಲ್ಯಾಪ್‌ಟಾಪಿನ ಡಾರ್ಕ್‌ಟೇಬಲ್ ಮೂರರಲ್ಲೂ ತಿದ್ದಿ ನೋಡಿದೆ.

ಮೊದಲನೆಯದು ಹಿಂಬದಿಯಿಂದ ತೆಗೆದ ಪೂರ್ತಿ ಗುಡಿ. ಫೋನನ್ನು ಮೇಲಕ್ಕೆ ಎತ್ತಿ ಹಿಡಿದಾಗ ನೆಟ್ಟಗಿರುವ ಗೋಡೆಗಳು ಮೇಲೆ ಹೋದಂತೆ ಒಂದರ ಹತ್ತಿರ ಒಂದು ಬರುತ್ತವೆ. ಇದನ್ನು ಸರಿಮಾಡುವುದೇ ಕಟ್ಟಡದ ಫೋಟೊದಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ.

ಸ್ನ್ಯಾಪ್‌ಸೀಡ್‌ನ ಪರ್ಸ್ಪೆಕ್ಟಿವ್‌ನಲ್ಲಿ ಬೆರಳಿಂದ ಎಳೆದರೆ ಸಾಕು, ಅರ್ಧ ನಿಮಿಷದ ಕೆಲಸ. ಆದರೆ ಎಳೆದಾಗ ಮೂಲೆಗಳಲ್ಲಿ ಖಾಲಿ ಜಾಗ ಉಳಿಯುತ್ತದೆ. ಅದನ್ನು ಆ್ಯಪ್ ತಾನೇ ತುಂಬಿಸುತ್ತದೆ. ಆಕಾಶದ ಮೂಲೆ ಚೆನ್ನಾಗಿಯೇ ತುಂಬಿತು. ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಪ್ರಾಕಾರದ ಪಕ್ಕ ಇಲ್ಲದ ಅರ್ಧ ಕಂಬವೊಂದು ಹುಟ್ಟಿಕೊಂಡಿತು! ಆ ಭಾಗವನ್ನು ಕ್ರಾಪ್ ಮಾಡಿ ತೆಗೆದೆ. ಅಂದಿನಿಂದ ಫೋಟೊ ತೆಗೆಯುವಾಗಲೇ ನಾಲ್ಕು ಹೆಜ್ಜೆ ಹಿಂದೆ ನಿಂತು, ಸುತ್ತ ಜಾಗ ಬಿಟ್ಟೇ ತೆಗೆಯುತ್ತೇನೆ.

ವಾಲಿಕೆಯನ್ನು ತಾನೇ ತಿದ್ದುವ ಲೈಟ್‌ರೂಮ್‌ನ ಆಟೊ ಇಲ್ಲಿ ತಪ್ಪಿತು. ಶಿಖರಗಳು ಮೇಲೆ ಹೋದಂತೆ ಕಿರಿದಾಗುವುದು ಅವುಗಳ ರೂಪವೇ. ಆ್ಯಪ್ ಅದನ್ನೂ ತಿದ್ದಲು ಹೊರಟು ಗುಡಿಯನ್ನು ಒಂದು ಕಡೆ ಹಿಗ್ಗಿಸಿತು. ನಕ್ಷತ್ರಾಕಾರದ ಗೋಡೆಯ ಎರಡು ಮೂಲೆಗಳ ಮೇಲೆ ನಾನೇ ಗೆರೆ ಎಳೆದು ತೋರಿಸಿದಾಗ ಮಾತ್ರ ಅಚ್ಚುಕಟ್ಟಾಗಿ ನಿಂತಿತು. ಈ ಸೌಲಭ್ಯಕ್ಕೆ ನನಗೆ ಚಂದಾ ಕಟ್ಟಬೇಕಾಯಿತು. ಡಾರ್ಕ್‌ಟೇಬಲ್‌ನಲ್ಲೂ ಹೀಗೇ ಗೆರೆ ಎಳೆಯಬಹುದು, ಅದು ಪೂರ್ತಿ ಉಚಿತ. ಯಾವುದರಲ್ಲೇ ಆಗಲಿ, ಗೆರೆಯನ್ನು ಶಿಖರದ ಅಂಚಿಗೆ ಎಳೆಯಬೇಡಿ, ಗೋಡೆಗೆ ಎಳೆಯಿರಿ. ಇನ್ನೊಂದು ಮಾತು, ಪೂರ್ತಿ ನೆಟ್ಟಗೆ ಮಾಡಲೂಬೇಡಿ. ಹಾಗೆ ಮಾಡಿದರೆ ಶಿಖರ ಉದ್ದವಾಗಿ, ಮೇಲ್ಭಾಗವೇ ಭಾರವಾಗಿ ಕಾಣುತ್ತದೆ. ಒಂಚೂರು ವಾಲಿಕೆ ಉಳಿಸಿದರೆ ಕಣ್ಣಿಗೆ ಹಿತ.

ಎರಡನೆಯದು ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದ ಒಳಗಿನದು. ಬಾಗಿಲಾಚೆ ಸುಡುವ ಬಿಸಿಲು, ಒಳಗೆ ತಿರುಗಣಿ ಕಂಬಗಳ ಮೇಲೆ ಕತ್ತಲಲ್ಲಿ ಕೂತ ಛಾವಣಿಯ ಕೆತ್ತನೆ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು, ಹಾಗಾಗಿ ಉಸಿರು ಬಿಗಿಹಿಡಿದು ತೆಗೆದದ್ದು. ಪುಣ್ಯಕ್ಕೆ ಮಾಮೂಲಿ ಜೆಪೆಗ್ ಜೊತೆ ರಾ ಫೈಲನ್ನೂ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಡುವ ಫೈಲ್) ಉಳಿಸಿಕೊಂಡಿದ್ದೆ.

ಇಲ್ಲಿ ಡಾರ್ಕ್‌ಟೇಬಲ್ ಗೆದ್ದಿತು. ಅದರ ಟೋನ್ ಈಕ್ವಲೈಜರ್‌ನಲ್ಲಿ ಕತ್ತಲ ಭಾಗವನ್ನಷ್ಟೇ ಮೇಲೆತ್ತಿದೆ, ಬಾಗಿಲ ಬೆಳಕು ಹಾಗೇ ಉಳಿಯಿತು. ಛಾವಣಿಯ ಮಧ್ಯೆ ತೂಗುವ ಬಾಳೆಮೊಗ್ಗಿನ ಎಸಳುಗಳು ಒಂದೊಂದಾಗಿ ಬಿಡಿಸಿಕೊಂಡವು. ನೋಡಿ ಮೈ ಜುಮ್ಮೆಂದಿತು. ಸಮಯ ಮಾತ್ರ ಜಾಸ್ತಿ ಬೇಕು. ನನ್ನ ಹಳೇ ಲ್ಯಾಪ್‌ಟಾಪ್ ಪ್ರತಿ ಬದಲಾವಣೆಗೂ ಒಂದೆರಡು ಸೆಕೆಂಡ್ ಯೋಚಿಸುತ್ತಿತ್ತು, ಕಲಿಯಲೂ ಒಂದು ವಾರ ಹಿಡಿಯಿತು. ಲೈಟ್‌ರೂಮ್‌ನಲ್ಲಿ ರಾ ಫೈಲ್ ತೆರೆದು ಶ್ಯಾಡೋಸ್ ಏರಿಸಿ, ಹೈಲೈಟ್ಸ್ ಇಳಿಸಿದರೆ ಹತ್ತಿರಹತ್ತಿರ ಅಷ್ಟೇ ಚೆನ್ನಾಗಿ ಬರುತ್ತದೆ, ಅದೂ ಐದು ನಿಮಿಷದಲ್ಲಿ. ಸ್ನ್ಯಾಪ್‌ಸೀಡ್‌ನಲ್ಲಿ ಜೆಪೆಗ್ ತಿದ್ದಿದಾಗ ಕತ್ತಲಲ್ಲಿ ಬಣ್ಣಬಣ್ಣದ ಕಾಳುಕಾಳು ಎದ್ದಿತು.

ಮೂರನೆಯದು ಗೋಡೆಯ ಕೆಳಸಾಲಿನ ಆನೆಗಳು. ಬಳಪದ ಕಲ್ಲಿನ ಬೂದು ಬಣ್ಣದಲ್ಲಿ ಒಂಚೂರು ಹಸಿರು ಇರುತ್ತದೆ. ಫೋನು ಅದನ್ನು ಹಳದಿ ಮಾಡಿಬಿಟ್ಟಿತ್ತು. ಮೂರರಲ್ಲೂ ವೈಟ್ ಬ್ಯಾಲೆನ್ಸ್ ಸರಿಹೋಯಿತು, ಅದರಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಕೆತ್ತನೆ ಎದ್ದು ಕಾಣಿಸಲು ಮಾತ್ರ ಸ್ನ್ಯಾಪ್‌ಸೀಡ್ ನನಗೆ ಇಷ್ಟ. ಡೀಟೇಲ್ಸ್‌ನಲ್ಲಿ ಸ್ಟ್ರಕ್ಚರ್ ಅನ್ನು 15ರ ಆಸುಪಾಸು ಇಟ್ಟರೆ ಆನೆಯ ಕೊರಳ ಗಂಟೆ, ಮೈಮೇಲಿನ ಹಗ್ಗ ಎಲ್ಲ ಬಿಡಿಸಿ ಕಾಣುತ್ತದೆ. 40 ದಾಟಿಸಿದರೆ ನುಣುಪಾದ ಕಲ್ಲು ಮರಳುಗಲ್ಲಿನ ಹಾಗೆ ಒರಟಾಗುತ್ತದೆ. ಅದರಲ್ಲೇ ಇರುವ ಎಚ್‌ಡಿಆರ್ ಸ್ಕೇಪ್ ಎಂಬ ಎಫೆಕ್ಟ್ ಅಂತೂ ಹೊಯ್ಸಳ ಕೆತ್ತನೆಗೆ ಬೇಡವೇ ಬೇಡ. ಆಳ ತೋರಿಸುವುದೇ ನೆರಳು, ಅದನ್ನೇ ಅದು ತಿಳಿಮಾಡಿಬಿಡುತ್ತದೆ. ಓರೆ ಬಿಸಿಲಿಗಾಗಿ ಸಂಜೆ ನಾಲ್ಕರವರೆಗೆ ಕಾದದ್ದು ಸುಮ್ನೆ ದಂಡವಾಗುತ್ತದೆ.

ಈಗ ನೂರರಲ್ಲಿ ತೊಂಬತ್ತು ಫೋಟೊ ಸ್ನ್ಯಾಪ್‌ಸೀಡ್‌ನಲ್ಲೇ ಮುಗಿಸುತ್ತೇನೆ. ಒಳಾಂಗಣ ಇದ್ದರೆ, ದೊಡ್ಡದಾಗಿ ಪ್ರಿಂಟ್ ಹಾಕಿಸುವುದಿದ್ದರೆ ಡಾರ್ಕ್‌ಟೇಬಲ್. ಲೈಟ್‌ರೂಮ್ ಚೆನ್ನಾಗಿಯೇ ಇದೆ, ದಿನಾ ಫೋಟೊ ತಿದ್ದುವವರಿಗೆ ಚಂದಾ ದಂಡವಲ್ಲ. ನನಗೆ ಅಷ್ಟು ಕೆಲಸ ಇರಲಿಲ್ಲ, ಚಂದಾ ನಿಲ್ಲಿಸಿದೆ.

ಬೇಡದ್ದನ್ನು ಅಳಿಸುವ ಹೀಲಿಂಗ್ ಬಗ್ಗೆಯೂ ಹೇಳಬೇಕು. ಹುಲ್ಲಿನ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಕವರನ್ನು ಸ್ನ್ಯಾಪ್‌ಸೀಡ್ ಒಂದೇ ಸಲಕ್ಕೆ ಅಳಿಸಿತು. ಅದೇ ಉತ್ಸಾಹದಲ್ಲಿ ಸೊಂಡಿಲು ಮುರಿದ ಆನೆಯೊಂದರ ಮೇಲೂ ಬೆರಳಾಡಿಸಿದೆ. ಪಕ್ಕದ ಆನೆಯ ಸೊಂಡಿಲು ಬಂದು ಅಂಟಿಕೊಂಡಿತು. ಬೇರೆಯವರಿಗೆ ಗೊತ್ತೂ ಆಗುತ್ತಿರಲಿಲ್ಲವೇನೋ. ಆದರೆ ಆ ಸಾಲಿನಲ್ಲಿ ಒಂದು ಆನೆಯ ಹಾಗೆ ಇನ್ನೊಂದಿಲ್ಲ. ಅನ್‌ಡು ಒತ್ತಿ, ಮುರಿದ ಸೊಂಡಿಲನ್ನು ಹಾಗೇ ಬಿಟ್ಟು ಸೇವ್ ಮಾಡಿದೆ.