ಅಮೃತಸರದಿಂದ ಗುರುಗಳ ಊರಿಗೆ ಒಂದು ದಿನದ ಟ್ಯಾಕ್ಸಿ: ದುಡ್ಡಿಗೆ ಮೋಸವಿಲ್ಲ, ದಾರಿ ಮಾತ್ರ ನೀವೇ ಹೇಳಿ

ಅಮೃತಸರಕ್ಕೆ ಹೋದವರು ಸ್ವರ್ಣಮಂದಿರ, ಜಲಿಯನ್‌ವಾಲಾ ಬಾಗ್, ವಾಘಾ ಗಡಿ ನೋಡಿ ರೈಲು ಹತ್ತುತ್ತಾರೆ. ನಾವು ಇನ್ನೊಂದು ದಿನ ಉಳಿದು, ಸಿಖ್ ಗುರುಗಾದಿ, ಅಂದರೆ ಗುರುಪೀಠ, ಕೈಯಿಂದ ಕೈಗೆ ದಾಟಿದ ಊರುಗಳಿಗೆ ಟ್ಯಾಕ್ಸಿ ಮಾಡಿಕೊಂಡೆವು. ತರನ್ ತಾರನ್ ಮೇಲಿಂದ ಖಡೂರ್ ಸಾಹಿಬ್, ಗೋಯಿಂದ್ವಾಲ್, ಬಾಬಾ ಬಕಾಲಾ, ವಾಪಸ್. ಟೋಲ್ ಸೇರಿ ಮೂರೂವರೆ ಸಾವಿರಕ್ಕೆ ಮಾತಾಯಿತು.

ಬುಕ್ಕಿಂಗ್ ಮಾಡಿಕೊಟ್ಟ ಟ್ರಾವೆಲ್ಸ್‌ನವರದು ಮೊದಲು ಹೇಳಿಬಿಡುತ್ತೇನೆ. ಏಳಕ್ಕೆ ಅಂದ ಗಾಡಿ ಎಂಟೂವರೆಗೆ ಬಂತು. ಮೇಲಿಂದ, ಹೈವೇ ಚೆನ್ನಾಗಿದೆ, ಬಕಾಲಾದಿಂದಲೇ ಶುರು ಮಾಡಿ ಅಂತ ಹಠ. ಒಪ್ಪಬೇಡಿ. ಬಕಾಲಾ ಒಂಬತ್ತನೇ ಗುರುವಿನ ಕತೆ, ಖಡೂರ್ ಎರಡನೆಯವರದು. ಹಿಂದುಮುಂದಾದರೆ ಬರೀ ಗುಮ್ಮಟ, ಕೊಳ ನೋಡಿ ಬಂದ ಹಾಗಾಗುತ್ತದೆ. ನಾನು ಜಗಳ ಮಾಡಿ ತರನ್ ತಾರನ್ ಕಡೆಗೇ ಗಾಡಿ ತಿರುಗಿಸಿದೆ.

ಡ್ರೈವರ್ ಮಾತ್ರ ಅಪ್ಪಟ ಬಂಗಾರ. ಯಾವ ಊರು ಅಂದರು, ಬೀದರ್ ಅಂದೆ. ‘ಓಹೋ, ಭಾಯಿ ಸಾಹಿಬ್ ಸಿಂಗರ ಊರು!’ ಅಂದರು. 1699ರಲ್ಲಿ ಆನಂದಪುರದಲ್ಲಿ ಹತ್ತನೇ ಗುರು ಗೋವಿಂದ ಸಿಂಗರು, ಧರ್ಮಕ್ಕೆ ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ನಮ್ಮೂರಿನವರೊಬ್ಬರು. ನಾನು ಚಿಕ್ಕಂದಿನಿಂದ ಬೀದರ್‌ನ ಗುರುದ್ವಾರ ನಾನಕ್ ಝೀರಾದ ನೀರು ಕುಡಿದವಳು ಅಂದದ್ದೇ ತಡ, ಆಮೇಲೆ ‘ಬೆಹನ್‌ಜಿ’ ಅನ್ನದೆ ಮಾತಿಲ್ಲ, ಒಂದು ಕೇಳಿದರೆ ನಾಲ್ಕು ಹೇಳುತ್ತಿದ್ದರು.

ಗುರು ನಾನಕರಿಗೆ ಇಬ್ಬರು ಗಂಡುಮಕ್ಕಳಿದ್ದರೂ 1539ರಲ್ಲಿ ಗಾದಿ ಸಿಕ್ಕಿದ್ದು ಶಿಷ್ಯ ಲೆಹಣಾಗೆ. ಅವರೇ ಗುರು ಅಂಗದ್, ಇದ್ದದ್ದು ಖಡೂರಿನಲ್ಲಿ. ಅವರ ಸ್ನಾನಕ್ಕೆ ಬಿಯಾಸ್ ನದಿಯಿಂದ ದಿನಾ ನಸುಕಿನಲ್ಲಿ ನೀರು ಹೊತ್ತು ತರುತ್ತಿದ್ದವರು ಅಮರದಾಸ್ ಎಂಬ ಮುದುಕರು. ಒಂದು ಮಳೆಯ ರಾತ್ರಿ ನೇಕಾರನ ಮಗ್ಗದ ಗೂಟಕ್ಕೆ ಎಡವಿ ಬಿದ್ದರಂತೆ. ಒಳಗಿಂದ ನೇಕಾರನ ಹೆಂಡತಿ, ‘ಇನ್ಯಾರು, ಮನೆಮಠ ಇಲ್ಲದ ಆ ಅಮರು’ ಅಂದಳಂತೆ. ಗಾದಿ ಆ ಅಮರುಗೇ ಬಂತು, 1552ರಲ್ಲಿ, 73ನೇ ವಯಸ್ಸಿಗೆ! ನಾನು ಪೆನ್ಷನ್ ತಗೊಂಡು ಮನೆಯಲ್ಲಿ ಕೂತಿರುವ ಮೇಷ್ಟ್ರಮ್ಮ; ಇದು ಮನಸ್ಸಿಗೆ ಬಹಳ ಹಿಡಿಸಿತು.

ಗೋಯಿಂದ್ವಾಲ್‌ನಲ್ಲಿ ಸಮಯ ಇಟ್ಟುಕೊಳ್ಳಿ. ಅಮರದಾಸರು ಕಟ್ಟಿಸಿದ ಬಾವಿಗೆ 84 ಮೆಟ್ಟಿಲು. ಹರಕೆಯವರು ಮೆಟ್ಟಿಲಿಗೊಂದು ಜಪ್‌ಜಿ (ನಾನಕರ ಪ್ರಾರ್ಥನೆ) ಪಾಠ, ಒಂದು ಮುಳುಗು. ನೀರು ಸೋರಿ ಕೆಳಗಿನ ಮೆಟ್ಟಿಲುಗಳು ಜಾರುತ್ತವೆ, ಮಂಡಿನೋವಿನವರು ಗೋಡೆ ಹಿಡಿದೇ ಇಳಿಯಿರಿ. ಅಂಗದರ ಮಗ ದಾತು, ‘ನಮ್ಮನೆ ಆಳು ಗುರುವಾದನೇ’ ಅಂತ ಬಂದು ಗಾದಿಯ ಮೇಲಿದ್ದ ಅಮರದಾಸರನ್ನು ಒದ್ದದ್ದು ಈ ಊರಲ್ಲೇ. ನನ್ನ ಮೂಳೆ ಗಟ್ಟಿ, ನಿನ್ನ ಕಾಲಿಗೆ ನೋವಾಯಿತೇನೋ ಅಂದರಂತೆ ಮುದುಕರು. ಮಠದ ಉತ್ತರಾಧಿಕಾರದ ಜಗಳ ಕೋರ್ಟಿಗೆ ಹೋಗುವುದನ್ನು ಪೇಪರಿನಲ್ಲಿ ಓದುವ ನಮಗೆ ಇದೇನೂ ಹೊಸದಲ್ಲ. ಆ ಉತ್ತರ ಹೊಸದು.

ಅಮರದಾಸರೂ ಮಕ್ಕಳಿಗೆ ಕೊಡದೆ ಅಳಿಯ ರಾಮದಾಸರಿಗೆ ಕೊಟ್ಟರು. ಅಲ್ಲಿಂದ ಮುಂದೆ ಗಾದಿ ಅವರ ಸೋಢಿ ಮನೆತನ ಬಿಟ್ಟು ಹೋಗಲಿಲ್ಲ. ‘ಹಾಗಾದರೆ ಕೊನೆಗೆ ವಂಶಕ್ಕೇ ಬಂತಲ್ಲ?’ ಅಂದೆ. ಡ್ರೈವರ್ ಬೇಜಾರಾಗಲಿಲ್ಲ. ‘ರಾಮದಾಸರ ಹಿರಿಯ ಮಗ ಪೃಥಿ ಚಂದ್ ಇದ್ದ, ಕೊಟ್ಟದ್ದು ಕಿರಿಯ ಅರ್ಜನ್ ದೇವ್‌ಗೆ’ ಅಂದರು. ನನಗೆ ಪೂರ್ತಿ ಸಮಾಧಾನ ಆಗಲಿಲ್ಲ. ಲಂಗರ್‌ನ, ಅಂದರೆ ಗುರುದ್ವಾರದ ದಾಸೋಹದ, ದಾಲ್ ರೋಟಿ ಬಂತು, ವಾದ ಅಲ್ಲಿಗೇ ನಿಂತಿತು.

ಬಕಾಲಾದ್ದು ಪತ್ತೇದಾರಿ ಕತೆಯೇ. 1664ರಲ್ಲಿ ದೆಹಲಿಯಲ್ಲಿ ಇನ್ನೂ ಎಂಟು ವರ್ಷ ತುಂಬದ ಎಂಟನೇ ಗುರು ಹರಕೃಷ್ಣರು ಸಿಡುಬಿನಿಂದ ತೀರಿಕೊಳ್ಳುವಾಗ ಹೇಳಿದ್ದು ‘ಬಾಬಾ ಬಕಾಲೆ’, ಅಂದರೆ ಮುಂದಿನ ಗುರು ಬಕಾಲಾದಲ್ಲಿದ್ದಾರೆ ಅಂತ ಅಷ್ಟೇ. ಇಪ್ಪತ್ತೆರಡು ಮಂದಿ ನಾನೇ ಗುರು ಅಂತ ಅಲ್ಲಿ ಗಾದಿ ಹಾಕಿಕೊಂಡು ಕೂತರಂತೆ. ಹಡಗು ಉಳಿದರೆ ಐನೂರು ಚಿನ್ನದ ಮೊಹರು ಅಂತ ಹರಕೆ ಹೊತ್ತಿದ್ದ ವ್ಯಾಪಾರಿ ಮಖನ್ ಶಾ ಒಬ್ಬೊಬ್ಬರ ಮುಂದೂ ಎರಡೆರಡು ಮೊಹರು ಇಡುತ್ತ ಬಂದ. ಉಳಿದದ್ದೆಲ್ಲಿ ಅಂತ ಕೇಳಿದವರು ತೇಗ್ ಬಹಾದೂರರು ಮಾತ್ರ, ಅವರೇ ಒಂಬತ್ತನೇ ಗುರು. ಮಾಳಿಗೆ ಹತ್ತಿ, ಗುರು ಸಿಕ್ಕರು ಅಂತ ಕೂಗಿದನಂತೆ. ಅವರು ಧ್ಯಾನಕ್ಕೆ ಕೂರುತ್ತಿದ್ದ ನೆಲಮಾಳಿಗೆ ಈಗ ಭೋರಾ ಸಾಹಿಬ್.

ಡ್ರೈವರ್‌ಗೆ ಐದಕ್ಕೆ ಐದು, ಟ್ರಾವೆಲ್ಸ್‌ಗೆ ಎರಡು. ತಲೆಗೆ ಹೊದೆಯಲು ಸೆರಗೋ ಕರವಸ್ತ್ರವೋ ಇರಲಿ. ಬೀದರ್, ಕಲಬುರಗಿ ಕಡೆಯವರು ಮೊದಲು ಹತ್ತಿರದ ನಾಂದೇಡ್‌ಗೆ ಹೋಗಿಬನ್ನಿ. 1708ರಲ್ಲಿ ಗುರು ಗೋವಿಂದ ಸಿಂಗರು, ಇನ್ನು ನಮ್ಮ ಧರ್ಮಗ್ರಂಥ ಗ್ರಂಥ ಸಾಹಿಬವೇ ಗುರು ಅಂತ ಈ ಸರದಿ ಮುಗಿಸಿದ್ದು ಅಲ್ಲೇ.